ಅಪ್ಪ-ಅಮ್ಮನಿಗೆ ಇಂಡಿಗೋ ಟಿಕೆಟ್ ಬುಕ್ ಮಾಡುವ ಮುಂಚೆ

ಆಫೀಸ್ ಕೆಲಸಕ್ಕೆ ಓಡಾಡುವ ನಮಗೆ ಇಂಡಿಗೋ ಅಂದ್ರೆ ಬಿಎಂಟಿಸಿ ಬಸ್ ಇದ್ದ ಹಾಗೆ. ಹತ್ತುತ್ತೇವೆ, ಇಳಿಯುತ್ತೇವೆ. ಅದೇ ಫ್ಲೈಟಿಗೆ ಊರಿಂದ ಅಪ್ಪ-ಅಮ್ಮ ಇಬ್ಬರೇ ಹೊರಟರೆ ಕಥೆ ಬೇರೆ. ಟಿಕೆಟ್ ನಮ್ಮ ಫೋನಲ್ಲಿ, ಪ್ರಯಾಣ ಅವರದ್ದು. ತೊಂದರೆ ಹುಟ್ಟೋದೇ ಇಲ್ಲಿ.

ಗೇಟ್ ಬದಲಾದರೂ ಫ್ಲೈಟ್ ತಡವಾದರೂ ಮೆಸೇಜ್ ಬರೋದು ಬುಕಿಂಗ್‌ನಲ್ಲಿ ಕೊಟ್ಟ ನಂಬರಿಗೆ. ನೀವು ಮೀಟಿಂಗಲ್ಲಿ ಫೋನ್ ಸೈಲೆಂಟ್ ಮಾಡಿ ಕೂತಿದ್ದರೆ ಅವರಿಗೆ ಏನೂ ತಿಳಿಯೋಲ್ಲ. ಹಾಗಾಗಿ ಮೊಬೈಲ್ ನಂಬರ್ ಅವರದ್ದು ಹಾಕಿ, ಇಮೇಲ್ ನಿಮ್ಮದು. ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ. ಮನೆಯಲ್ಲಿ ಕರೆಯೋ ಹೆಸರು ಬೇಡ.

ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ದೆಹಲಿ ಅಂತಿಟ್ಟುಕೊಳ್ಳಿ. ಎರಡು ಬೇರೆ ಬೇರೆ ಟಿಕೆಟ್ ತಗೊಂಡರೆ ಕೆಲವು ಸಲ ಸ್ವಲ್ಪ ದುಡ್ಡು ಉಳಿಯುತ್ತೆ. ಆ ಆಸೆಗೆ ಬೀಳಬೇಡಿ. ಒಂದೇ ಪಿಎನ್‌ಆರ್ ಇದ್ದರೆ, ಮೊದಲ ಫ್ಲೈಟ್ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ದಾರಿ ನೋಡೋದು ಕಂಪನಿಯ ಹೊಣೆ. ಎರಡು ಟಿಕೆಟ್ ಇದ್ದರೆ ಅದು ನಿಮ್ಮ ಹಣೆಬರಹ.

ಇನ್ನು ಸಮಯ. ಟಿಕೆಟ್ ಮೇಲಿರೋ 10.30 ಅಂದ್ರೆ ವಿಮಾನ ಜಾಗ ಬಿಡೋ ಹೊತ್ತು. ಲಗೇಜ್ ಕೊಡೋ ಕೌಂಟರ್ 60 ನಿಮಿಷ ಮೊದಲೇ ಮುಚ್ಚುತ್ತೆ, ಗೇಟ್ 25 ನಿಮಿಷ ಮೊದಲು. ಅಂದ್ರೆ ಅಪ್ಪನ ಲೆಕ್ಕದಲ್ಲಿ ಅದು 10.30ರ ಫ್ಲೈಟ್ ಅಲ್ಲ, 9.30ರದ್ದು. ಚೀಟಿಯಲ್ಲೂ ಹಾಗೇ ಬರೆದುಕೊಡಿ. ಬಸ್‌ಸ್ಟ್ಯಾಂಡಲ್ಲಿ ಕಂಡಕ್ಟರ್ ಕೂಗಿ ಕರೆದ ಹಾಗೆ ಇಲ್ಲಿ ಯಾರೂ ಕರೆಯೋಲ್ಲ, ಬೋರ್ಡ್ ನೋಡ್ತಾ ಇರಬೇಕು ಅಂತಲೂ ಹೇಳಿ. ವೆಬ್ ಚೆಕ್‌ಇನ್ 48 ಗಂಟೆ ಮೊದಲು ತೆರೆಯುತ್ತೆ. ನೀವೇ ಮಾಡಿ ಬೋರ್ಡಿಂಗ್ ಪಾಸ್ ಪಿಡಿಎಫ್ ವಾಟ್ಸಾಪ್ ಮಾಡಿ, ಜೊತೆಗೆ ಒಂದು ಪ್ರಿಂಟ್. ಚಾರ್ಜ್ ಮುಗಿದ ಫೋನಿಗಿಂತ ಜೇಬಲ್ಲಿರೋ ಕಾಗದ ಮೇಲು.

ಸೀಟಿಗೆ ದುಡ್ಡು ಕೊಡಬೇಕಾ? ಕೊಡದಿದ್ದರೂ ಸೀಟು ಸಿಗುತ್ತೆ, ಆದರೆ ಇಬ್ಬರೂ ಬೇರೆ ಬೇರೆ ಕಡೆ ಕೂರಬೇಕಾಗಬಹುದು. ಮೊದಲ ಸಲ ಹಾರುವವರಿಗೆ ಅಕ್ಕಪಕ್ಕದ ಸೀಟು ಕೊಡಿಸಿ. ಆದರೆ ಶಿವಮೊಗ್ಗ, ಹುಬ್ಬಳ್ಳಿ ಥರದ ಊರುಗಳಿಗೆ ಬರೋ ಎಟಿಆರ್ ಫ್ಯಾನ್ ವಿಮಾನದಲ್ಲಿ ಒಂದು ತಮಾಷೆ ಇದೆ: ಅದರಲ್ಲಿ ಪ್ರಯಾಣಿಕರ ಬಾಗಿಲು ಇರೋದು ಹಿಂದೆ. ಬೇಗ ಇಳೀಬಹುದು ಅಂತ ಜಾಸ್ತಿ ಕೊಟ್ಟು ಮೊದಲ ಸಾಲು ತಗೊಂಡವರು ಎಲ್ಲರಿಗಿಂತ ಕೊನೆಗೆ ಇಳೀತಾರೆ! ಎರಡು-ಎರಡು ಸೀಟಿನ ಸಾಲು, ನಡುವಿನ ಸೀಟು ಅನ್ನೋದೇ ಇಲ್ಲ. ರೆಕ್ಕೆ ಕಿಟಕಿಗಿಂತ ಮೇಲಿರೋದರಿಂದ ಮಲೆನಾಡಿನ ಹಸಿರೆಲ್ಲ ಕಾಣುತ್ತೆ. ಹಿಂದಿನ ಸಾಲಲ್ಲಿ ಅಮ್ಮನಿಗೆ ಕಿಟಕಿ ಪಕ್ಕ ಕೊಡಿ. ತಲೆ ಮೇಲಿನ ಲಗೇಜ್ ಜಾಗ ಮಾತ್ರ ಚಿಕ್ಕದು, ದೊಡ್ಡ ಟ್ರಾಲಿ ಕೈಯಲ್ಲಿ ಬೇಡ.

ಲಗೇಜ್ ಒಬ್ಬರಿಗೆ 15 ಕೆಜಿ, ಕೈಚೀಲ 7 ಕೆಜಿ. ತೂಕಕ್ಕಿಂತ ತಲೆನೋವು ಅಮ್ಮ ತುಂಬೋ ಸಾಮಾನಿನದ್ದು. ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಸೆಕ್ಯುರಿಟಿ ದಾಟೋಲ್ಲ, ಬಿಗಿಯಾಗಿ ಕಟ್ಟಿ ದೊಡ್ಡ ಬ್ಯಾಗಿಗೆ ಹಾಕಬೇಕು. ಒಣಕೊಬ್ಬರಿ ಆ ದೊಡ್ಡ ಬ್ಯಾಗಲ್ಲಿ ಹೋಗೋಲ್ಲ, ಎಣ್ಣೆ ಅಂಶಕ್ಕೆ ಬೆಂಕಿ ಹತ್ತುತ್ತೆ ಅನ್ನೋ ಕಾರಣ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ನಾಲ್ಕು ಗಂಟೆ ಕೂತು ಮಾಡಿದ್ದನ್ನ ಕಸದಬುಟ್ಟಿಗೆ ಹಾಕಿಸಿಕೊಂಡರೆ ಅಮ್ಮನಿಗೆ ಆ ಪ್ರಯಾಣದಲ್ಲಿ ಬೇರೇನೂ ನೆನಪಿರೋಲ್ಲ. ಹಿಂದಿನ ರಾತ್ರಿಯೇ ವಿಡಿಯೋ ಕಾಲ್ ಮಾಡಿ ಬ್ಯಾಗ್ ನೋಡಿಬಿಡಿ.

ಮಂಡಿನೋವಿದ್ದರೆ ವೀಲ್‌ಚೇರ್ ಮೊದಲೇ ಹೇಳಿಡಿ. "ನಾನೇನು ರೋಗಿನಾ" ಅಂತ ಅಪ್ಪ ಬೇಜಾರು ಮಾಡ್ಕೋಬಹುದು. ಆದರೆ ಏರ್‌ಪೋರ್ಟಿನ ನಡಿಗೆ ಸಣ್ಣದಲ್ಲ. ನಡೆಯೋಕೆ ಕಷ್ಟ ಇಲ್ಲದವರು ಮಾತ್ರ ದಯವಿಟ್ಟು ಕೇಳಬೇಡಿ, ನಿಜವಾಗಿ ಬೇಕಿದ್ದವರು ಕಾಯ್ತಾ ಕೂರ್ತಾರೆ.

2025ರ ಡಿಸೆಂಬರ್ ನೆನಪಿರಬೇಕಲ್ಲ. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಇಂಡಿಗೋ ಸರಿಯಾಗಿ ತಯಾರಾಗಿರಲಿಲ್ಲ, ಕೆಲವೇ ದಿನಗಳಲ್ಲಿ ಸಾವಿರಾರು ಫ್ಲೈಟ್ ರದ್ದಾದವು. ದೇಶದ ಅತಿ ದೊಡ್ಡ ಕಂಪನಿ ನಿಂತರೆ ಬೇರೆಯವರ ಟಿಕೆಟ್ಟೂ ಕೈಗೆ ಸಿಗೋಲ್ಲ ಅಂತ ಆಗ ಗೊತ್ತಾಯ್ತು. ಮದುವೆ, ಆಪರೇಷನ್ ಅಂತ ಹೊರಟಿದ್ದರೆ ಒಂದು ದಿನ ಮೊದಲೇ ಕಳಿಸಿ.

ತಡವಾದಾಗ ಡಿಜಿಸಿಎ ನಿಯಮ ಇದೆ. ಎರಡೂವರೆ ಗಂಟೆಯೊಳಗಿನ ಫ್ಲೈಟ್ 2 ಗಂಟೆ ತಡವಾದರೆ ತಿಂಡಿ-ಊಟ ಕೊಡಬೇಕು, ದೆಹಲಿಯಂಥ ದೂರಕ್ಕೆ ಅದು 3 ಗಂಟೆ. 6 ಗಂಟೆ ಮೀರಿದರೆ ಬೇರೆ ಫ್ಲೈಟ್ ಅಥವಾ ಪೂರ್ತಿ ಹಣ ವಾಪಸ್, ಆಯ್ಕೆ ಪ್ರಯಾಣಿಕರದ್ದು. ನಮ್ಮ ಹಿರಿಯರು ಕೇಳೋಕೆ ಸಂಕೋಚಪಟ್ಟು ಬಿಸ್ಕತ್ತು ತಿಂದು ಕೂರ್ತಾರೆ. ಕೌಂಟರಿಗೆ ಹೋಗಿ ಕೇಳಿ ಅಂತ ಹೇಳಿಕೊಡಿ, ಬೇಕಾದರೆ ಫೋನ್ ಸ್ಪೀಕರಲ್ಲಿ ನೀವೇ ಮಾತಾಡಿ.

ಬೆಂಗಳೂರಲ್ಲಿ ಇಂಡಿಗೋದ ದೇಶದೊಳಗಿನ ಫ್ಲೈಟ್‌ಗಳು ಟರ್ಮಿನಲ್ 1, ವಿದೇಶದ್ದು ಟರ್ಮಿನಲ್ 2. ದೆಹಲಿಯಲ್ಲಿ ಒಂದಕ್ಕಿಂತ ಹೆಚ್ಚು ಟರ್ಮಿನಲ್‌ಗಳಿಂದ ಹಾರುತ್ತೆ. ವಾಪಸ್ ಬರೋ ದಿನ ಟಿಕೆಟಲ್ಲಿ ಯಾವುದಿದೆ ನೋಡಿ, ಕ್ಯಾಬ್ ಬುಕ್ ಮಾಡೋದೂ ನೀವೇ ಅಲ್ವಾ.