ಮಲೆಯ ಹಾಡು, ಮನೆಯ ಹಾಡು



ಸಕಲೇಶಪುರ ತಾಲ್ಲೂಕಿನ ಹಾನುಬಾಳು ಹೋಬಳಿಯೆಂದರೆ ಈಗ ಎಲ್ಲರಿಗೂ ಕಾಫಿ, ಏಲಕ್ಕಿ, ಮೆಣಸುಗಳ ನೆನಪಾಗುವುದು. ನಾವು ಬಾಲ್ಯವನ್ನು ಕಳೆದ ಕಾಲದಲ್ಲಿ, ಎಂದರೆ ೧೯೭೦ರಿಂದೀಚಿನ ಏಳೆಂಟು ವರ್ಷಗಳಲ್ಲಿ, ಆ ಸೀಮೆಯಲ್ಲಿ ಹಾಡೂ ಒಂದು ಬೆಳೆಯಾಗಿದ್ದಿತು. ಸಂಗೀತಸಭೆಯಾಗಲಿ ವಿದ್ವಾಂಸರಾಗಲಿ ಇಲ್ಲದಿದ್ದರೂ ಹಾಡಿಲ್ಲದ ಕೆಲಸವಿರಲಿಲ್ಲ.

ಆಷಾಢದ ಮಳೆ ಬಿಡದೆ ಸುರಿಯುತ್ತಿರಲು, ಗೊರಬು ಹೊದೆದ ಹೆಂಗಸರು ಗದ್ದೆಯಲ್ಲಿ ಸಾಲಾಗಿ ಬಾಗಿ ಸಸಿ ನೆಡುವರು. ಒಬ್ಬಳು ಸೊಲ್ಲೆತ್ತಿದರೆ ಉಳಿದವರು ಹಿಡಿಯುವರು. ಹಾಡಿನ ನಡೆಯೇ ಕೈಯ ನಡೆ. ಬೆಳಗಿನ ಜಾವಕ್ಕೆ ಬೀಸುವ ಕಲ್ಲಿನ ಪದ. ಸುಗ್ಗಿ ಹಬ್ಬ ಬಂದಿತೆಂದರೆ ಗ್ರಾಮದೇವತೆಯ ಮುಂದೆ ಗಂಡಸರ ಕುಣಿತ. ಮದುವೆಯಲ್ಲಿ ಹಸೆಗೆ ಕರೆಯಲು ಸೋಬಾನೆ. ಮದುಮಗಳ ತಾಯಿ ಹಾಡು ಬಲ್ಲ ಮುದುಕಿಯ ಮನೆಗೆ ತಾನೇ ಹೋಗಿ, ಎಲೆಯಡಿಕೆ ಕೊಟ್ಟು, "ಅಮ್ಮಯ್ಯ, ನೀವೇ ಬಂದು ಎತ್ತಬೇಕು" ಎಂದು ಕೇಳಿಕೊಳ್ಳುತ್ತಿದ್ದಳು. ಮನೆ ಎಷ್ಟೇ ಶ್ರೀಮಂತವಾಗಿರಲಿ, ಆ ಹೊತ್ತಿನ ಯಜಮಾನಿ ಆ ಮುದುಕಿಯೇ.

ಈ ಹಾಡುಗಳು ಅಡಗಿದುದು ಕಂಠದ ದೋಷದಿಂದಲ್ಲ, ಅವುಗಳ ಕೆಲಸವೇ ಹೋದುದರಿಂದ. ಅಕ್ಕಿಯ ಗಿರಣಿ ಬಂದಿತು, ಒನಕೆ ಮೂಲೆ ಸೇರಿತು. ಆಳುಗಳು ದುರ್ಲಭರಾದರು, ಭತ್ತಕ್ಕಿಂತ ಕಾಫಿಯೇ ಲಾಭಕರವಾಯಿತು, ಕಾಡಾನೆಗಳ ಹಾವಳಿ ಹೆಚ್ಚಿತು. ಹೀಗೆ ಎಷ್ಟೋ ಗದ್ದೆಗಳು ಪಾಳುಬಿದ್ದು, ಗದ್ದೆಯೊಡನೆ ನಾಟಿಯ ಪದವೂ ನಿಂತಿತು. ಇದಕ್ಕಾಗಿ ಯಾರನ್ನೂ ದೂಷಿಸತಕ್ಕುದಿಲ್ಲ. ನಸುಕಿನಲ್ಲೆದ್ದು ಬೀಸಿದ ಹೆಂಗಸಿನ ತೋಳಿನ ನೋವನ್ನು ಬಲ್ಲವರಾರೂ ಆ ಕಲ್ಲು ಮರಳಿ ಬರಲೆಂದು ಹಾರೈಸರು.

ಹಾಡಿನ ಮಾತುಗಳನ್ನಾದರೂ ಉಳಿಸಿಕೊಟ್ಟ ಪುಣ್ಯವಂತರು ನಮ್ಮಲ್ಲಿದ್ದರು. ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದರು. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 'ಹಳ್ಳಿಯ ಹಾಡುಗಳು' ಎಂಬುದನ್ನು ಸಂಪಾದಿಸಿದರು. ಸಕಲೇಶಪುರದಲ್ಲಿಯೇ, ಮುಸಲ್ಮಾನ ಮನೆತನದಲ್ಲಿ ಹುಟ್ಟಿದ ಎಸ್. ಕೆ. ಕರೀಂಖಾನರು ಊರೂರು ತಿರುಗಿ ಕನ್ನಡದ ಪದಗಳನ್ನು ಕೂಡಿಹಾಕಿದುದರಿಂದ ಜನರು ಅವರನ್ನು 'ಜಾನಪದ ಜಂಗಮ'ರೆಂದು ಕರೆದರು. ಅವರು ೨೦೦೬ರಲ್ಲಿ ತೀರಿಕೊಂಡರು. ಹಾಡಿಗೆ ಜಾತಿಮತಗಳ ಗೊಡವೆಯಿಲ್ಲವೆಂಬುದಕ್ಕೆ ಅವರ ಬಾಳಿಗಿಂತ ಬೇರೆ ಪ್ರಮಾಣ ಬೇಡ.

ಆದರೆ ಪುಸ್ತಕದಲ್ಲಿ ಉಳಿಯುವುದು ಮಾತು, ಧಾಟಿಯಲ್ಲ. ಸಂಸ್ಕೃತವನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ. ಸಾಮವೇದದ ಮಂತ್ರಗಳಲ್ಲಿ ಬಹುಪಾಲು ಋಗ್ವೇದದವೇ. ಅವು ಸಾಮಗಳೆನಿಸುವುದು ಗಾನದಿಂದ. ಗುರುವು ಹೇಳಿ, ಶಿಷ್ಯನು ಹೇಳಿ, ಸ್ವರ ತಪ್ಪಿದರೆ ಮತ್ತೆ ಹೇಳಿಸಿ, ಬಾಯಿಂದ ಬಾಯಿಗೆ ಬಂದುದರಿಂದಲೇ ಆ ಗಾನವು ಸಹಸ್ರಾರು ವರ್ಷ ಉಳಿಯಿತು. ೨೦೦೩ರಲ್ಲಿ ಯುನೆಸ್ಕೋ ಸಂಸ್ಥೆಯು ವೇದಘೋಷದ ಪರಂಪರೆಯನ್ನು ಮನುಕುಲದ ಅಮೂಲ್ಯ ಸಂಪತ್ತೆಂದು ಸಾರಿತು. ನಮ್ಮ ಅಜ್ಜಿಯರ ಹಾಡೂ ಕಿವಿಯಿಂದಲೇ ಬಂದ ವಿದ್ಯೆ. ಅದಕ್ಕೆ ಪಾಠಶಾಲೆಯೂ ಇಲ್ಲ, ಶಿಷ್ಯರೂ ಇಲ್ಲ.

ಗದ್ದೆಯ ಹಾಡು ಗದ್ದೆಯೊಡನೆ ಹೋಯಿತೆನ್ನೋಣ. ಮದುವೆಗಳೇನೂ ನಿಂತಿಲ್ಲವಷ್ಟೆ? ಹಸೆಯೂ ಆರತಿಯೂ ಇನ್ನೂ ಇವೆ. ಆ ಹೊತ್ತಿನಲ್ಲಿ ಧ್ವನಿವರ್ಧಕದ ಅಬ್ಬರವನ್ನು ಕಾಲು ಗಂಟೆ ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ. ಕೈಯಲ್ಲಿರುವ ದೂರವಾಣಿಯಲ್ಲಿಯೇ ಹಾಡನ್ನು ಮುದ್ರಿಸಿಕೊಳ್ಳಬಹುದು. ಆದರೆ ಅಷ್ಟಕ್ಕೇ ತೃಪ್ತರಾಗಬಾರದು. ಮನೆಯ ಒಬ್ಬ ಸೊಸೆಯೋ ಮೊಮ್ಮಗಳೋ ಅಜ್ಜಿಯ ಬಳಿ ಕುಳಿತು ಒಂದು ಸೋಬಾನೆಯನ್ನಾದರೂ ಧಾಟಿಸಹಿತ ಕಲಿತು, ಅವರೆದುರಿಗೇ ಹಾಡಿ ತಿದ್ದಿಸಿಕೊಳ್ಳಬೇಕು.

ಬರುವ ಲಗ್ನಗಳಲ್ಲಿ ಶುಭಕಾರ್ಯವನ್ನು ನಿಶ್ಚಯಿಸಿರುವ ಗೃಹಿಣಿಯರು ತಮ್ಮ ಊರಿನ ಅಂತಹ ಹಿರಿಯಳನ್ನು ಹುಡುಕಿ, ಎಲೆಯಡಿಕೆಯೊಡನೆ ಹೋಗಿ ಕರೆಯಲಿ. ಆಕೆಗೆ ಎಂಬತ್ತು ದಾಟಿದ್ದರೆ ಮುಂದಿನ ವರ್ಷಕ್ಕೆಂದು ತಡಮಾಡತಕ್ಕುದಲ್ಲ.