ಉಸಿರು ಬಂತು, ಮೊಣಕಾಲು?

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು. ಕೌಲ್ ಬಜಾರಿನ ನಮ್ಮ ಹುಡುಗರು ಮತ್ತೆ ಕುಂಬಾರ ಗುಡ್ಡದ ಕಡೆ ಓಡತೊಡಗಿದ್ದಾರೆ. ಓಟ ಬಿಟ್ಟ ಎರಡು-ಮೂರು ವಾರಗಳಲ್ಲೇ ರಕ್ತದ ದ್ರವಭಾಗ ತಗ್ಗುತ್ತದೆ. ಹೃದಯ ಒಂದು ಬಡಿತಕ್ಕೆ ದೂಡುವ ರಕ್ತವೂ ಕಡಿಮೆಯಾಗುತ್ತದೆ. ಏದುಸಿರು ಅದಕ್ಕೇ. ಅದು ಬೇಗ ಸರಿಹೋಗುತ್ತದೆ, ಸ್ನಾಯುರಜ್ಜುಗಳು ಮಾತ್ರ ನಿಧಾನ.

ಉಸಿರು ಹಿಂದಿರುಗಿತೆಂದು ಕಳೆದ ವರ್ಷ ನನ್ನ ಶಿಷ್ಯನೊಬ್ಬ ಗುಡ್ಡದಿಂದ ಓಡಿಯೇ ಇಳಿದ. ಮೊಣಕಾಲು ಊದಿತು, ಪೊಲೀಸ್ ಆಯ್ಕೆಯ 1600 ಮೀಟರ್ ಓಟ ತಪ್ಪಿತು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ನೋವು ಗೊತ್ತಾಗುವುದು ಮರುದಿನ.

ಮೊದಲ ಮೂರು ವಾರ ಏರು, ಇಳಿಜಾರು ಎರಡನ್ನೂ ನಡೆದೇ ಮುಗಿಸಿ. ಓಟ ಸಮನೆಲದಲ್ಲಿರಲಿ, ಪಕ್ಕದವನೊಡನೆ ಮಾತಾಡುವಷ್ಟು ಉಸಿರಿರಲಿ. ಪಾಲಕರೇ, ನಡೆಯುವವನನ್ನು ಸೋಮಾರಿ ಎನ್ನಬೇಡಿ. ಐದೂವರೆಗೆ ಎಬ್ಬಿಸಿ ಕಳಿಸಿ. ಬಿಸಿಲೇರಿದರೆ ನಮ್ಮೂರ ಬಂಡೆ ಕಾಯತೊಡಗುತ್ತದೆ.