ಪರದೆಯ ಈಚೆ ಬದಿಯ ಆರೋಗ್ಯ

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಜಿಲ್ಲಾ ಮಟ್ಟದ ಹುದ್ದೆಯೊಂದರಲ್ಲಿದ್ದಾಗ, ನಾನು ತಾಲ್ಲೂಕು ಆಸ್ಪತ್ರೆಯೊಂದರ ತಪಾಸಣೆಗೆ ಹೋಗಿದ್ದೆ. ಅಲ್ಲಿನ ಟೆಲಿಮೆಡಿಸಿನ್ ಕೊಠಡಿಗೆ ಬೀಗ ಹಾಕಿತ್ತು. ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಒಳಗೆ ಕಂಪ್ಯೂಟರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಮೇಲೆ ದೂಳು, ಪಕ್ಕದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳು. ತಂತ್ರಜ್ಞ ವರ್ಗಾವಣೆಯಾಗಿ ಆರು ತಿಂಗಳಾಗಿತ್ತು. ಆದರೂ ಆ ತಿಂಗಳ ಪ್ರಗತಿ ವರದಿಯಲ್ಲಿ ಕೇಂದ್ರದ ಎದುರು ‘ಕಾರ್ಯನಿರ್ವಹಿಸುತ್ತಿದೆ’ ಎಂದೇ ನಮೂದಾಯಿತು. ಅದಕ್ಕೆ ಸಹಿ ಮಾಡಿದವನು ನಾನೇ. ಉಪಕರಣ ಕೆಟ್ಟಿಲ್ಲವಲ್ಲ, ಬರೆದದ್ದು ಸುಳ್ಳೇನೂ ಅಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದೆ.

ಈ ಕ್ಷೇತ್ರದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 2002ರಲ್ಲಿಯೇ ಇಸ್ರೊ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಲಾಗಿತ್ತು. ಎದೆನೋವೆಂದು ಬಂದ ರೈತನ ಇಸಿಜಿಯನ್ನು ರಾಜಧಾನಿಯ ತಜ್ಞರು ಕುಳಿತಲ್ಲಿಯೇ ಓದಬಹುದೆಂಬುದು ಅಂದಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಇಂದು ಉಪಗ್ರಹದ ತಟ್ಟೆಯ ಅಗತ್ಯವಿಲ್ಲ. ಮೊಬೈಲ್ ಸಂಪರ್ಕ ಸಾಕು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಇ–ಸಂಜೀವಿನಿ’ಯ ಮೂಲಕ ನಡೆದ ಸಮಾಲೋಚನೆಗಳು 2023ರಲ್ಲಿಯೇ ಹತ್ತು ಕೋಟಿ ದಾಟಿದವು. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ದೂರದ ವೈದ್ಯರೊಡನೆ ಮಾತನಾಡಿಸುವುದು ಇದರ ಮುಖ್ಯ ಪದ್ಧತಿ. ಗ್ರಾಮೀಣ ಭಾರತದ ಮಹಿಳೆಯರಲ್ಲಿ ಎಂದಾದರೂ ಇಂಟರ್‌ನೆಟ್ ಬಳಸಿದವರು ಶೇ 24.6ರಷ್ಟು ಮಾತ್ರ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಹೇಳಿತ್ತು. ಹೀಗಿರುವಾಗ ರೋಗಿಯ ಕೈಗೇ ಆ್ಯಪ್ ಕೊಟ್ಟು ಸುಮ್ಮನಾಗದೆ ನಡುವೆ ಒಬ್ಬ ತರಬೇತಾದ ವ್ಯಕ್ತಿಯನ್ನು ಇರಿಸಿದ್ದು ವಿವೇಕದ ಕ್ರಮ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದರ ಲಾಭ ಎಲ್ಲಿದೆ ಎಂಬುದು ಸ್ಪಷ್ಟವಿದೆ. ಬಡವನಿಗೆ ಸರ್ಕಾರಿ ವೈದ್ಯರ ಶುಲ್ಕ ಹೊರೆಯಲ್ಲ. ಅವರನ್ನು ತಲಪುವುದು ಹೊರೆ. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯಿಂದ ಮಹಿಳೆಯರ ಬಸ್ ಖರ್ಚು ಉಳಿಯಿತು, ನಿಜ. ಆದರೆ ಆಸ್ಪತ್ರೆಯ ಸರದಿಯಲ್ಲಿ ಕಳೆದ ದಿನದ ಕೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ. 2024–25ರ ನರೇಗಾ ದರದಲ್ಲಿ ಲೆಕ್ಕ ಹಾಕಿದರೂ ಅದು 349 ರೂಪಾಯಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ತಿಂಗಳಿಗೊಮ್ಮೆ ಹೀಗೆ ಅಲೆಯಬೇಕಾದವರು ಮೂರನೆಯ ತಿಂಗಳಿಗೆ ಮಾತ್ರೆಯನ್ನೇ ಬಿಡುತ್ತಾರೆ. ಉಪಕೇಂದ್ರದ ಪರದೆ ಉಳಿಸಬೇಕಾದದ್ದು ಈ ಒಂದು ದಿನವನ್ನು.

ಅದು ಉಳಿಯುತ್ತಿದೆಯೇ? ಕಳೆದ ವರ್ಷ ಮೈಸೂರು ಸೀಮೆಯ ನಮ್ಮೂರಿಗೆ ಹೋಗಿದ್ದಾಗ ಉಪಕೇಂದ್ರದಲ್ಲಿ ಒಂದು ಬೆಳಿಗ್ಗೆ ಕುಳಿತಿದ್ದೆ. ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರ ರಕ್ತದೊತ್ತಡ ಅಳೆದು, ಮೂರನೆಯ ಯತ್ನಕ್ಕೆ ಸಿಕ್ಕ ವೈದ್ಯರಿಗೆ ಆ ಹುಡುಗಿ ಅಚ್ಚುಕಟ್ಟಾಗಿ ವಿವರ ಹೇಳಿದಳು. ವೈದ್ಯರೂ ತಾಳ್ಮೆಯಿಂದ ಕೇಳಿ ಔಷಧಿ ಬದಲಿಸಿದರು. ಆ ಹೊಸ ಮಾತ್ರೆ ಮಾತ್ರ ಉಪಕೇಂದ್ರದಲ್ಲಿ ಇರಲಿಲ್ಲ. ‘ಡಾಕ್ಟ್ರು ಬರ್ಕೊಟ್ರು ಸರಿ, ಮಾತ್ರೆ ಎಲ್ಲವ್ವಾ?’ ಎಂದರು ಅಜ್ಜಿ. ತಾಲ್ಲೂಕು ಕೇಂದ್ರಕ್ಕೆ ಹೋಗಿ ಎಂಬ ಉತ್ತರ ಬಂತು. ಉಳಿಯಬೇಕಿದ್ದ ದಿನ ಉಳಿಯಲಿಲ್ಲ. ಗಣಕದ ಲೆಕ್ಕದಲ್ಲಿ ಆ ಸಮಾಲೋಚನೆ ಮಾತ್ರ ಪೂರ್ಣಗೊಂಡಿತ್ತು. (ಅಜ್ಜಿಯ 14 ಅಂಕಿಯ ಆರೋಗ್ಯ ಖಾತೆ ಅಂದು ಆಗಲಿಲ್ಲ. ಒಟಿಪಿ ಹೋದದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗನ ಫೋನಿಗೆ. ಇದನ್ನು ನಾವು ರೋಗಿಯ ಸಮ್ಮತಿ ಎನ್ನುತ್ತೇವೆ.)

ಜೋಡಿ ವಸ್ತುಗಳಲ್ಲಿ ಒಂದನ್ನಷ್ಟೇ ಒದಗಿಸಿದರೆ ಅದರ ಬೆಲೆ ಶೂನ್ಯದ ಹತ್ತಿರ ಇಳಿಯುತ್ತದೆ ಎಂಬುದನ್ನು ಅರ್ಥಶಾಸ್ತ್ರದ ಮೊದಲ ವರ್ಷದಲ್ಲಿಯೇ ಹೇಳಿಕೊಡುತ್ತಾರೆ. ಪರದೆ ಮತ್ತು ಮಾತ್ರೆ ಅಂಥ ಜೋಡಿ. ಪರದೆಯ ಖರೀದಿಗೆ ಟೆಂಡರ್ ಇದೆ, ಉದ್ಘಾಟನೆ ಇದೆ, ಛಾಯಾಚಿತ್ರವಿದೆ. ಮಾತ್ರೆಯ ದಾಸ್ತಾನು ತಿಂಗಳು ತಿಂಗಳೂ ನೋಡಿಕೊಳ್ಳಬೇಕಾದ ನೀರಸ ಕೆಲಸ. ಅದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಇನ್ನು ಮಲೆ ಮಹದೇಶ್ವರ ಬೆಟ್ಟದ ಕಾಡಿನ ಹಾಡಿಗಳ ಮಾತು ಬೇರೆಯೇ. ರೋಗಿಯನ್ನು ಡೋಲಿಯಲ್ಲಿ ಹೊತ್ತು ತರುವ ಕಡೆ ಮೊದಲು ಬೇಕಾದದ್ದು ರಸ್ತೆ.

ಈ ವ್ಯವಸ್ಥೆಯ ಖರ್ಚನ್ನು ಹೊತ್ತವರು ಇನ್ನೊಬ್ಬರಿದ್ದಾರೆ. ಗರ್ಭಿಣಿಯ ನೋಂದಣಿಯಿಂದ ಮಗುವಿನ ಲಸಿಕೆಯವರೆಗೆ ಮನೆಮನೆಯ ಮಾಹಿತಿ ತರುವವರು ಆಶಾ ಕಾರ್ಯಕರ್ತೆಯರು. ಅವರು ಸಂಬಳದ ನೌಕರರಲ್ಲ. ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಪಡೆಯುವವರು. ಮಾಡಿದ ಕೆಲಸ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಕಾಣದಿದ್ದರೆ ಹಣವೂ ಕಾಣುವುದಿಲ್ಲ ಎಂಬುದು ಅವರ ಬಹುಕಾಲದ ದೂರು. 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಅವರು ಚಳಿಯಲ್ಲಿ ಅಹೋರಾತ್ರಿ ಕುಳಿತಾಗ ಗೌರವಧನದ ಏರಿಕೆಯ ಜೊತೆಗೆ ಈ ಜೋಡಣೆಯನ್ನು ಕೈಬಿಡಬೇಕೆಂಬುದೂ ಬೇಡಿಕೆಯಾಗಿತ್ತು. ತಂತ್ರಾಂಶದ ದೋಷಕ್ಕೆ ಕೂಲಿ ಕಳೆದುಕೊಳ್ಳಬೇಕಾದವಳು ಹಳ್ಳಿಯ ಹೆಣ್ಣುಮಗಳು ಎನ್ನುವ ನಿಯಮವನ್ನು ಯಾವ ಸಚಿವಾಲಯದ ನೌಕರನಾದರೂ ತನ್ನ ವೇತನಕ್ಕೆ ಒಪ್ಪುತ್ತಿದ್ದನೇ? ನಾನಂತೂ ಒಪ್ಪುತ್ತಿರಲಿಲ್ಲ.

ತಂತ್ರಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. ದೊಡ್ಡ ಯೋಜನೆಯನ್ನೂ ಸೂಚಿಸುತ್ತಿಲ್ಲ. ಆಶಾ ಕಾರ್ಯಕರ್ತೆಯರ ಹಣವನ್ನು ಪೋರ್ಟಲ್‌ನಿಂದ ಬಿಡಿಸಿ ಉಪಕೇಂದ್ರದ ರಿಜಿಸ್ಟರಿನ ಆಧಾರದ ಮೇಲೆ ಪಾವತಿಸಲಿ. ಜಿಲ್ಲಾ ಪರಿಶೀಲನಾ ಸಭೆಯ ನಮೂನೆಯಲ್ಲಿ ‘ಸಮಾಲೋಚನೆಗಳ ಸಂಖ್ಯೆ’ಯ ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಲಿ: ಬರೆದುಕೊಟ್ಟ ಔಷಧಿಯನ್ನು ಅದೇ ದಿನ ಅದೇ ಉಪಕೇಂದ್ರದಲ್ಲಿ ಪಡೆದವರು ಎಷ್ಟು ಮಂದಿ? ಅಂಥ ಕಾಲಂ ನನ್ನ ಕಾಲದ ನಮೂನೆಯಲ್ಲಿ ಇದ್ದಿದ್ದರೆ, ಬೀಗ ಹಾಕಿದ ಆ ಕೊಠಡಿಯ ಎದುರು ನಾನು ಸೊನ್ನೆ ಬರೆದು ಸಹಿ ಹಾಕಬೇಕಾಗುತ್ತಿತ್ತು.